ಆ ಮೂರು ಸ್ಟಾರ್ ಕೊಟ್ಟಿದ್ದು ನಾನೇ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ನಾನಿನ್ನೂ ಹಾಸಿಗೆಯಲ್ಲೇ ಇದ್ದೆ, ಅರಸೀಕೆರೆಯಿಂದ ಅತ್ತಿಗೆ ಫೋನ್ ಮಾಡಿದರು. ಹಬ್ಬಕ್ಕೆ ಯಾವಾಗ ಬರ್ತೀಯ, ಊಟ ಸರಿಯಾಗಿ ಮಾಡ್ತಿದ್ದೀಯಾ ಎಲ್ಲ ಆದಮೇಲೆ ದನಿ ಸ್ವಲ್ಪ ತಗ್ಗಿಸಿ ಕೇಳಿದರು: "ಅಲ್ಲ ಕಣೋ, ನೀನು ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲ, ಈ ಕಥೆ ಆ್ಯಪ್‌ನಲ್ಲಿ ಯಾರು ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಅಂತ ನೋಡೋಕೆ ಆಗುತ್ತಾ?"

ಯಾಕೆ ಅತ್ತಿಗೆ ಅಂದೆ.

"ನಿನ್ನೆವರೆಗೂ ನನ್ನ ಕಥೆಗೆ 5.0 ಇತ್ತು. ಆರು ಜನ ಕೊಟ್ಟಿದ್ರು. ಇವತ್ತು ನೋಡಿದ್ರೆ ಏಳು ಜನ, 4.7. ಯಾರೋ ಮೂರು ಕೊಟ್ಟಿದ್ದಾರೆ."

ಅತ್ತಿಗೆ ಊರಿನ ಸಹಕಾರ ಸಂಘದಲ್ಲಿ ಲೆಕ್ಕ ಬರೀತಾರೆ. ಏಳನೆಯವರು ನಾಲ್ಕು ಕೊಟ್ಟಿದ್ದರೆ 4.9 ಆಗ್ತಿತ್ತು, ಎರಡು ಕೊಟ್ಟಿದ್ದರೆ 4.6, ಹಾಗಾಗಿ ಮೂರೇ ಇರಬೇಕು ಅಂತ ಕಾಫಿ ಸೋಸುತ್ತಲೇ ಲೆಕ್ಕ ಹಾಕಿ ಮುಗಿಸಿದ್ದರು. "ಮೂರು ಕೊಡೋ ಅಂಥದ್ದು ಏನಿತ್ತೋ ಅದರಲ್ಲಿ? ಏನಾದ್ರೂ ಬರೆದಿದ್ರೆ ಗೊತ್ತಾಗ್ತಿತ್ತು. ಬರೀ ಸ್ಟಾರ್ ಒತ್ತಿ ಹೋಗಿದ್ದಾರೆ."

ಅದು ಆ್ಯಪ್ ಕಂಪನಿಯವರಿಗೆ ಮಾತ್ರ ಕಾಣುತ್ತೆ ಅತ್ತಿಗೆ, ನಮಗೆ ಕಾಣಲ್ಲ ಅಂದೆ. ಅದೇನೂ ಸುಳ್ಳಲ್ಲ. ಆದರೆ ಆ ಮೂರು ಸ್ಟಾರ್ ಒತ್ತಿದ್ದು ನಾನೇ.

ಮೆಟ್ರೊದಲ್ಲಿ ಓದೋಕೆ ಅಂತ ಬೇರೆ ಹೆಸರಿನಲ್ಲಿ ಒಂದು ಅಕೌಂಟ್ ಇಟ್ಟುಕೊಂಡಿದ್ದೀನಿ. ಅತ್ತಿಗೆ ಲಿಂಕ್ ಕಳಿಸಿದ್ದರು, ಶನಿವಾರ ರಾತ್ರಿ ಕೂತು ಓದಿದೆ. ಕಥೆಯ ಹೆಸರು 'ಸಹಿ'. ಗಂಡ ತೀರಿಹೋದ ಮೇಲೆ ಮೊದಲ ಸಲ ಒಬ್ಬರೇ ಬ್ಯಾಂಕಿಗೆ ಹೋಗುವ ಒಬ್ಬ ಅಜ್ಜಿ. ಜೀವನಪೂರ್ತಿ ಹೆಬ್ಬೆಟ್ಟು ಒತ್ತಿದವರು, ಮೊಮ್ಮಗಳ ಹತ್ತಿರ ಹಟ ಹಿಡಿದು ಸಹಿ ಕಲಿತಿದ್ದಾರೆ. ಆದರೆ ಒಂದು ದಿನ ಹಾಕಿದ ಹಾಗೆ ಇನ್ನೊಂದು ದಿನ ಬರಲ್ಲ. ಸಹಿ ಹೊಂದಿಕೆ ಆಗ್ತಿಲ್ಲ ಅಂತ ಕೌಂಟರ್‌ನವರು ಸ್ಲಿಪ್ ವಾಪಸ್ ತಳ್ಳುತ್ತಾರೆ. ಹೆಬ್ಬೆಟ್ಟೇ ಒತ್ತಿಬಿಡಿ ಅಜ್ಜಿ ಅಂತಾರೆ. ಅಜ್ಜಿ ಒಪ್ಪಲ್ಲ. ಇಲ್ಲಿಯವರೆಗೆ ನಾನು ಫೋನ್ ಕೆಳಗಿಡಲಿಲ್ಲ. ಆಮೇಲೆ ಮ್ಯಾನೇಜರ್ ಛೇಂಬರಿನಿಂದ ಹೊರಗೆ ಬರುತ್ತಾನೆ. ನೋಡಿದರೆ ಅವನು ಅಜ್ಜಿಯ ಹಳೇ ಪಕ್ಕದ ಮನೆಯವರ ಮಗ, ಚಿಕ್ಕಂದಿನಲ್ಲಿ ಅವರ ಕೈಯ ಕೋಡುಬಳೆ ತಿಂದು ಬೆಳೆದವನು. ಕಾಲಿಗೆ ಬೀಳುತ್ತಾನೆ, ದುಡ್ಡು ಕೊಡಿಸುತ್ತಾನೆ, ಕಥೆ ಮುಗಿಯುತ್ತೆ. ನನಗೆ ರೇಗಿಹೋಯಿತು. ಇಷ್ಟು ಚೆನ್ನಾಗಿ ಕಟ್ಟಿ ತಂದು ಕೊನೆಗೆ ಮ್ಯಾನೇಜರ್ ಕೈಗೆ ಕೊಟ್ಟುಬಿಟ್ಟರಲ್ಲ ಅಂತ. ಮನೆಯವರು ಅಂತ ಸುಮ್ಮನೆ ಐದು ಕೊಡಬಾರದು, ಪ್ರಾಮಾಣಿಕವಾಗಿ ಕೊಡೋಣ ಅಂತ ಮೂರು ಒತ್ತಿ ಮಲಗಿದೆ. ಸತ್ಯ ಹೇಳಬೇಕೆಂದರೆ, ಒಂದು ನಮೂನೆ ಹೆಮ್ಮೆಯಿಂದಲೇ ಮಲಗಿದೆ.

ಅವತ್ತಿನಿಂದ ತಲೇಲಿ ಕೊರೀತಿರೋದು ಇದೇ. ನಾನು ಮಾಡಿದ್ದು ನ್ಯಾಯವಾ?

ಮೊದಲು ಈ 'ಮೂರು' ಅನ್ನೋದರ ಅರ್ಥ ನೋಡಿ. ನನ್ನ ಮನಸ್ಸಿನಲ್ಲಿ ಮೂರು ಅಂದರೆ 'ಪರವಾಗಿಲ್ಲ, ಓದಬಹುದು'. ಐದರಲ್ಲಿ ಮೂರು, ಶಾಲೆಯ ಲೆಕ್ಕದಲ್ಲಿ ಫಸ್ಟ್ ಕ್ಲಾಸು. ಆದರೆ ನಾವು ಬದುಕುತ್ತಿರೋದು ಆ ಲೆಕ್ಕದಲ್ಲಿ ಅಲ್ಲ. ಊಟ ತಂದುಕೊಟ್ಟ ಹುಡುಗ ಬಾಗಿಲಲ್ಲೇ ನಿಂತು "ಸರ್, ಫೈವ್ ಸ್ಟಾರ್ ಕೊಡಿ" ಅಂತಾನೆ. ನಾಲ್ಕು ಕೊಟ್ಟರೆ ಅವನಿಗೆ ಏನೋ ತೊಂದರೆ ಅಂತ ನಮಗೂ ಗೊತ್ತು. ಕ್ಯಾಬ್‌ನಲ್ಲಿ ಮೂರು ಒತ್ತಿದರೆ ಏನಾಯ್ತು ಸರ್ ಅಂತ ಆ್ಯಪ್ಪೇ ಗಾಬರಿಯಾಗುತ್ತೆ. ಇನ್ನು ನಮ್ಮ ಆಫೀಸಿನ ಅಪ್ರೈಸಲ್‌ನಲ್ಲಿ ಮೂರು ಅಂದರೆ 'ನಿರೀಕ್ಷೆಗೆ ತಕ್ಕಂತೆ ಕೆಲಸ ಮಾಡಿದ್ದಾರೆ' ಅಂತ ಬರೆದಿರುತ್ತೆ, ಓದೋಕೆ ಎಷ್ಟು ಚೆಂದ. ಎರಡು ವರ್ಷದ ಹಿಂದೆ ನನಗೆ ಅದೇ ಮೂರು ಬಂದಾಗ ಒಂದು ವಾರ ಯಾರ ಜೊತೆಗೂ ಮಾತಾಡಿರಲಿಲ್ಲ. ಅದೇ ಮೂರನ್ನು ತಗೊಂಡು ಹೋಗಿ ಅತ್ತಿಗೆಗೆ ಕೊಟ್ಟು 'ಪರವಾಗಿಲ್ಲ ಅಂತ ಅರ್ಥ' ಅಂದರೆ ಯಾರು ನಂಬ್ತಾರೆ?

ಇದು ಈಗಿನ ಕಾಯಿಲೆಯೂ ಅಲ್ಲ. ಯೂಟ್ಯೂಬ್‌ನಲ್ಲಿ ಮೊದಲು ಐದು ಸ್ಟಾರ್ ಪದ್ಧತಿ ಇತ್ತು, ನಿಮಗೆ ನೆನಪಿರಬಹುದು. ಜನ ಕೊಡೋದು ಹೆಚ್ಚಾಗಿ ಐದೇ, ಸಿಟ್ಟು ಬಂದರೆ ಒಂದು, ನಡುವಿನ ಎರಡು ಮೂರು ನಾಲ್ಕನ್ನು ಬಳಸೋರೇ ಕಮ್ಮಿ ಅಂತ 2009ರಲ್ಲಿ ಅವರೇ ಲೆಕ್ಕ ತೋರಿಸಿದರು. ಮರುವರ್ಷ ಸ್ಟಾರ್ ತೆಗೆದು ಹೆಬ್ಬೆರಳು ಹಾಕಿದರು. ನೆಟ್‌ಫ್ಲಿಕ್ಸ್‌ನವರು 2017ರಲ್ಲಿ ಅದೇ ದಾರಿ ಹಿಡಿದರು. ಅಂದರೆ ಐದು ಸ್ಟಾರ್ ಇರುವ ಕಡೆಯೂ ಬಹಳ ಜನ ಬಳಸೋದು ಎರಡೇ: ಇಷ್ಟ ಆಯ್ತು, ಆಗಲಿಲ್ಲ. ಅಂಥ ಕಡೆ ಒಬ್ಬ ಪ್ರಾಮಾಣಿಕ ಹೋಗಿ ಮೂರು ಕೊಟ್ಟರೆ ಅದು 'ಆಗಲಿಲ್ಲ' ಪಟ್ಟಿಗೇ ಸೇರುತ್ತೆ.

ಎರಡನೇ ವಿಷಯ ಶುದ್ಧ ಲೆಕ್ಕದ್ದು. ಅದೇ ಆ್ಯಪ್‌ನಲ್ಲಿ ಒಂದು ಧಾರಾವಾಹಿ ಇದೆ, ಸುಮಾರು ಎರಡು ಸಾವಿರ ಜನ ರೇಟಿಂಗ್ ಕೊಟ್ಟಿದ್ದಾರೆ, ಸರಾಸರಿ 4.8. ಅಲ್ಲಿ ಹೋಗಿ ನಾನು ಮೂರು ಒತ್ತಿದರೆ 4.8 ಇದ್ದದ್ದು 4.7991 ಆಗುತ್ತೆ, ತೆರೆಯ ಮೇಲೆ ಮತ್ತೆ 4.8. ಯಾರಿಗೂ ಗೊತ್ತೇ ಆಗಲ್ಲ. ಅದೇ ಬೆರಳು, ಅದೇ ಮೂರು, ಅತ್ತಿಗೆಯ ಕಥೆಗೆ ಬಿದ್ದಾಗ 5.0 ಹೋಗಿ 4.7. ಆ ವಿಭಾಗದಲ್ಲಿ ಮೇಲೆ ಕಾಣಿಸೋ ಕಥೆಗಳೆಲ್ಲ 4.8ರಿಂದ ಮೇಲೆ. ಅತ್ತಿಗೆಯದು ನಾಲ್ಕೈದು ಸಲ ಹೆಬ್ಬೆರಳು ತಳ್ಳಿದ ಮೇಲೆ ಸಿಗುವಷ್ಟು ಕೆಳಗೆ ಹೋಯಿತು. ಅಲ್ಲಿಯವರೆಗೆ ಯಾರು ತಳ್ಳುತ್ತಾರೆ? ನಾನಂತೂ ತಳ್ಳಲ್ಲ.

ಹೊಸಬರ ಪಾಲಿಗೆ ಪ್ರತಿ ಓಟು ಒಂದು ಏಟು, ಹಳಬರಿಗೆ ಅದು ಸೊಳ್ಳೆ. ಮಜಾ ಏನೆಂದರೆ ಇದಕ್ಕೆ ಮದ್ದು ಯಾವಾಗಲೋ ಇದೆ. ಕಂಪ್ಯೂಟರ್ ಬರೋಕೆ ಮುಂಚೆಯೇ, 1927ರಲ್ಲಿ, ಎಡ್ವಿನ್ ವಿಲ್ಸನ್ ಅನ್ನೋ ಅಮೆರಿಕದ ವಿದ್ವಾಂಸ ಒಂದು ಸೂತ್ರ ಕೊಟ್ಟ. ಸ್ಯಾಂಪಲ್ ಚಿಕ್ಕದಿದ್ದಾಗ ಅದರಿಂದ ಬಂದ ಶೇಕಡಾವಾರನ್ನು ಎಷ್ಟು ನಂಬಬಹುದು ಅಂತ ಲೆಕ್ಕ ಹಾಕೋದಕ್ಕೆ. 2009ರಲ್ಲಿ ಇವಾನ್ ಮಿಲ್ಲರ್ ಅನ್ನೋರು ಸರಾಸರಿ ನೋಡಿ ಪಟ್ಟಿ ಮಾಡಬೇಡ್ರಪ್ಪ, ಈ ಹಳೇ ಸೂತ್ರ ಬಳಸಿ ಅಂತ ಒಂದು ಲೇಖನ ಬರೆದರು. ನಮ್ಮ ಕಸುಬಿನವರು ಬಹಳ ಜನ ಓದಿರೋ ಲೇಖನ ಅದು. ರೆಡಿಟ್‌ನವರು ಅದೇ ವರ್ಷ ಕಾಮೆಂಟುಗಳನ್ನು ಜೋಡಿಸೋಕೆ ಅದನ್ನು ಬಳಸಿದರು.

ಇದಕ್ಕಿಂತ ಸುಲಭದ ಇನ್ನೊಂದು ದಾರಿ ಇದೆ. ಐಎಂಡಿಬಿಯವರು ತಮ್ಮ ಟಾಪ್ 250 ಸಿನಿಮಾ ಪಟ್ಟಿಗೆ ಬಳಸಿ, ಸೂತ್ರವನ್ನೂ ಪ್ರಕಟಿಸಿದ್ದರು. ಪ್ರತಿ ಕಥೆಗೂ ಮೊದಲೇ ಒಂದು ಹತ್ತು ಸುಳ್ಳು ಓಟು ಹಾಕಿಡೋದು ಅಂದುಕೊಳ್ಳಿ. ಎಷ್ಟರದ್ದು? ಇಡೀ ಆ್ಯಪ್‌ನ ಸರಾಸರಿಯದ್ದು, 4.5 ಅಂತಿಟ್ಟುಕೊಳ್ಳೋಣ. ಆಗ ಅತ್ತಿಗೆಯ ಕಥೆ ಆರು ಐದುಗಳಿದ್ದರೂ 4.69ರಲ್ಲಿ ಇರುತ್ತಿತ್ತು, ನನ್ನ ಮೂರು ಬಿದ್ದ ಮೇಲೆ 4.59. ಸುಮಾರು 0.3 ಬೀಳೋ ಕಡೆ 0.1 ಬೀಳ್ತಿತ್ತು. ಎರಡು ಸಾವಿರ ಓಟಿನ ಧಾರಾವಾಹಿಗೆ ಇದರಿಂದ ಏನೂ ಆಗಲ್ಲ, ಅದು 4.8ರಲ್ಲೇ ಇರುತ್ತೆ. ಅಣ್ಣನ ಒಂದೇ ಒಂದು ಐದು ಪಡೆದು 5.0 ಅಂತ ಮೆರೆಯೋ ಕಥೆ 4.55ಕ್ಕೆ ಇಳಿಯುತ್ತೆ. ಓಟು ಬಂದ ಹಾಗೆ ಆ ಹತ್ತು ಸುಳ್ಳು ಓಟಿನ ತೂಕ ತಾನಾಗೇ ಕರಗುತ್ತೆ. ಬರೆಯೋಕೆ ಕೂತರೆ ನಾಲ್ಕು ಸಾಲಿನ ಕೋಡ್. ಆ ಆ್ಯಪ್‌ನಲ್ಲಿ ಯಾಕಿಲ್ಲ ಅಂತ ಕೇಳಬೇಡಿ. ನಾಲ್ಕು ಸಾಲಿನ ಕೆಲಸ ನಾಲ್ಕು ವರ್ಷ ಟಿಕೆಟ್ ಆಗಿಯೇ ಉಳಿಯೋದನ್ನು ನಾನು ನಮ್ಮ ಆಫೀಸಿನಲ್ಲೇ ನೋಡಿದ್ದೀನಿ.

ಆದರೆ ನಿಜವಾಗಿ ಕೈಗೆ ಸಿಗದ ಅನ್ಯಾಯ ಬೇರೆ ಕಡೆ ಇದೆ, ಅದಕ್ಕೆ ಸೂತ್ರ ಇಲ್ಲ.

ಆ ಧಾರಾವಾಹಿಯನ್ನೇ ತಗೊಳ್ಳಿ. ಅದರ ಅರವತ್ತನೇ ಕಂತಿಗೆ ಸ್ಟಾರ್ ಕೊಡೋರು ಯಾರು? ಐವತ್ತೊಂಬತ್ತು ಕಂತು ಓದಿದವರು. ಇಷ್ಟ ಆಗದವರು ಮೂರನೇ ಕಂತಿಗೇ ಎದ್ದು ಹೋಗಿರುತ್ತಾರೆ, ಬಹಳಷ್ಟು ಜನ ಏನೂ ಕೊಡದೆ. ಉಳಿದವರು ಭಕ್ತರು. ಅವರು ಪ್ರತಿ ಕಂತಿಗೂ ಐದು ಕೊಡ್ತಾರೆ, ಕೊಡಲಿ, ಅದು ಅವರ ಪ್ರೀತಿ. ಆದರೆ ನಾಲ್ಕು ಪುಟದ ಒಂದು ಬಿಡಿ ಕಥೆಗೆ ಈ ಭಾಗ್ಯ ಇಲ್ಲ. ಅದನ್ನು ಯಾರ್ಯಾರೋ ಓದ್ತಾರೆ, ತಮ್ಮ ಪಾಡಿಗೆ ತೀರ್ಪು ಕೊಟ್ಟು ಹೋಗ್ತಾರೆ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಒಂದೇ ಅಳತೆಗೋಲಿನಿಂದ ಅಳೆದರೆ ಧಾರಾವಾಹಿ ಯಾವಾಗಲೂ ಮೇಲೆ. ಹೀಗೇ ಹೋದರೆ ಬರೆಯೋರೂ ಅದನ್ನೇ ಕಲೀತಾರೆ. ಬಿಡಿ ಕಥೆ ಬರೆಯೋ ಬದಲು ಅದನ್ನೇ ಎಳೆದು ಎಂಬತ್ತು ಕಂತು ಮಾಡೋದು. ಅಜ್ಜಿ ಬ್ಯಾಂಕಿಗೆ ಹೋಗೋಕೇ ಹನ್ನೆರಡು ಕಂತು.

ಇನ್ನೊಂದಿದೆ, ಮುಯ್ಯಿ. ಮದುವೆ ಮನೆಯಲ್ಲಿ ಬಾಗಿಲ ಹತ್ತಿರ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಬರೀತಾರಲ್ಲ, ನಾಳೆ ಅವರ ಮನೆ ಮದುವೆಗೆ ಅಷ್ಟನ್ನೇ ತಿರುಗಿ ಹಾಕಬೇಕು. ಕಥೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯೋದು ಅಚ್ಚುಕಟ್ಟಾಗಿ ಇದೇ. "ನನ್ನ ಹೊಸ ಕಥೆ, ಓದಿ, ಪ್ರೋತ್ಸಾಹಿಸಿ" ಅಂತ ಲಿಂಕ್, ಕೆಳಗೆ ಕೈ ಮುಗಿದ ಇಮೋಜಿ. ಹತ್ತು ನಿಮಿಷದಲ್ಲಿ ಹದಿನೈದು ಐದು ಸ್ಟಾರ್. ಕಥೆ ಓದೋಕೇ ಇಪ್ಪತ್ತು ನಿಮಿಷ ಬೇಕು ಅನ್ನೋದು ಬೇರೆ ಮಾತು. ಇದನ್ನು ಬರೆಯುತ್ತಾ ನಗುವ ಹಕ್ಕು ನನಗಿಲ್ಲ. ಅತ್ತಿಗೆಗೆ ಮೂರು ಕೊಟ್ಟ ತಿಂಗಳಲ್ಲೇ, ನಮ್ಮ ಟೀಮಿನ ಗೆಳೆಯನೊಬ್ಬ ಬರೆದ ಥ್ರಿಲ್ಲರ್‌ಗೆ ಐದು ಕೊಟ್ಟಿದ್ದೆ. ಅರ್ಧ ಮಾತ್ರ ಓದಿದ್ದೆ. ಮಾರನೇ ದಿನ ಕ್ಯಾಂಟೀನ್‌ನಲ್ಲಿ ಮುಖ ನೋಡಬೇಕಲ್ಲ. ಅವನಿಗೆ ನನ್ನ ಹೆಸರು ಕಾಣಿಸುವಂತೆ, ನನ್ನ ನಿಜವಾದ ಅಕೌಂಟ್‌ನಿಂದಲೇ ಕೊಟ್ಟೆ. ಹೆಸರು ಕಾಣೋ ಕಡೆ ದಾಕ್ಷಿಣ್ಯ, ಕಾಣದ ಕಡೆ ನಿಷ್ಠುರ. ನನ್ನ 'ಪ್ರಾಮಾಣಿಕತೆ' ಇಷ್ಟೇ.

ಹೀಗೆ ಮೊದಲು ಬಿದ್ದ ನಾಲ್ಕು ಓಟಿನಿಂದ ಅಂಥಾದ್ದೇನು ಆಗಿಬಿಡುತ್ತೆ ಅಂತ ನೀವು ಕೇಳಬಹುದು. ಆಗುತ್ತೆ. ಅಮೆರಿಕದಲ್ಲಿ ಮ್ಯಾಥ್ಯೂ ಸಲ್ಗಾನಿಕ್ ಮತ್ತು ಇಬ್ಬರು ಜೊತೆಗಾರರು ಇದನ್ನೇ ಪರೀಕ್ಷಿಸಿ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರೇ ಕೇಳಿರದ ಬ್ಯಾಂಡುಗಳ 48 ಹಾಡು, ಕೇಳೋಕೆ 14,341 ಜನ. ಅವರಲ್ಲಿ ಒಂದು ಗುಂಪಿಗೆ ಬರೀ ಹಾಡು ಕೊಟ್ಟರು. ಉಳಿದವರನ್ನು ಎಂಟು ಬೇರೆಬೇರೆ ಲೋಕಗಳಾಗಿ ಮಾಡಿ, ಆಯಾ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅಂತ ತೋರಿಸಿದರು. ಎಲ್ಲ ಲೋಕವೂ ಸೊನ್ನೆಯಿಂದಲೇ ಶುರು. ಕೊನೆಗೆ ನೋಡಿದರೆ ಒಂದು ಲೋಕದಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ಎಲ್ಲೋ ಇತ್ತು. ತುಂಬಾ ಚೆನ್ನಾಗಿರೋ ಹಾಡು ಪೂರ್ತಿ ಸೋತಿದ್ದು ಅಪರೂಪ, ತೀರಾ ಕೆಟ್ಟದ್ದು ಗೆದ್ದದ್ದೂ ಅಪರೂಪ. ಆದರೆ ಈ ಎರಡರ ನಡುವೆ ಇರೋ ಹಾಡುಗಳಿಗೆ ಏನು ಬೇಕಾದರೂ ಆಗಬಹುದಿತ್ತು. ನಾವು ಹವ್ಯಾಸಕ್ಕೆ ಬರೆಯೋ ಕಥೆಗಳಲ್ಲಿ ಮುಕ್ಕಾಲು ಪಾಲು ಇರೋದು ಆ ನಡುವಿನಲ್ಲೇ ಅಲ್ಲವಾ?

2013ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಪ್ರಯೋಗ ಇನ್ನೂ ನೇರವಾಗಿದೆ. ಸುದ್ದಿ ಹಂಚಿಕೊಳ್ಳೋ ಒಂದು ಸೈಟಿನಲ್ಲಿ ಐದು ತಿಂಗಳಲ್ಲಿ ಬಂದ 1,01,281 ಕಾಮೆಂಟುಗಳನ್ನು ಇಟ್ಟುಕೊಂಡು, ಮನಸ್ಸಿಗೆ ಬಂದ ಹಾಗೆ ಆರಿಸಿ ಕೆಲವಕ್ಕೆ ಸುಳ್ಳು ಮೆಚ್ಚುಗೆಯ ಒಂದೇ ಒಂದು ಓಟು, ಕೆಲವಕ್ಕೆ ಸುಳ್ಳು ವಿರೋಧದ ಒಂದೇ ಒಂದು ಓಟು ಹಾಕಿದರು. ಮೆಚ್ಚುಗೆ ಓಟು ಬಿದ್ದವು ಕೊನೆಗೆ ಸರಾಸರಿ ಶೇಕಡಾ 25ರಷ್ಟು ಹೆಚ್ಚು ಅಂಕ ಪಡೆದವು. ವಿರೋಧದ ಓಟನ್ನು ಮಾತ್ರ ಹಿಂದೆ ಬಂದವರು ಮೆಚ್ಚಿ ಸರಿಮಾಡಿದರು. ಇದನ್ನು ಓದಿ ಒಂದು ಕ್ಷಣ ನನಗೆ ಸಮಾಧಾನ ಆಯಿತು, ನನ್ನ ಮೂರನ್ನೂ ಯಾರಾದರೂ ಸರಿಮಾಡುತ್ತಾರೆ ಅಂತ. ಆಮೇಲೆ ಹೊಳೀತು, ಸರಿಮಾಡೋಕೆ ಹಿಂದೆ ಜನ ಬರಬೇಕಲ್ಲ. ಏಳು ಓಟಿನ ಕಥೆಗೆ ಹಿಂದೆ ಬರೋರು ಯಾರು? ಅವರು ಬರೋ ದಾರಿಯನ್ನೇ ನಾನು ಮುಚ್ಚಿದ್ದೆ.

ಬೇಕಂತಲೇ ಹಾಳುಮಾಡೋರ ವಿಷಯ ನಾನಿಲ್ಲಿ ಎತ್ತುತ್ತಿಲ್ಲ. ಹೆಸರಿರುವ ಲೇಖಕರನ್ನೇ ಅವರು ಬಿಟ್ಟಿಲ್ಲ. 2023ರ ಜೂನ್‌ನಲ್ಲಿ ಎಲಿಜಬೆತ್ ಗಿಲ್ಬರ್ಟ್ ರಷ್ಯಾದಲ್ಲಿ ನಡೆಯೋ ಒಂದು ಕಾದಂಬರಿ ಪ್ರಕಟಿಸ್ತೀನಿ ಅಂದಾಗ, ಪುಸ್ತಕ ಅಚ್ಚಾಗೋಕೆ ಎಷ್ಟೋ ತಿಂಗಳು ಮೊದಲೇ ಗುಡ್‌ರೀಡ್ಸ್‌ನಲ್ಲಿ ನೂರಾರು ಜನ ಒಂದು ಸ್ಟಾರ್ ಕೊಟ್ಟರು. ಯಾರೂ ಒಂದು ಪುಟ ಓದಿರಲಿಲ್ಲ. ಅವರು ಪುಸ್ತಕವನ್ನೇ ತಡೆಹಿಡಿದರು. ಅಂಥವರನ್ನು ಹಿಡಿಯೋದು ಹೇಗೆ ಅನ್ನೋದು ಬೇರೆ ಕಥೆ. ನನ್ನ ತಕರಾರು ಒಳ್ಳೇ ಮನಸ್ಸಿನಿಂದ ಆಗೋ ಅನ್ಯಾಯದ ಬಗ್ಗೆ.

ಹಾಗಾದರೆ ಸ್ಟಾರೇ ಬೇಡವಾ? ಬೇಡ ಅಂದವರಿದ್ದಾರೆ. ಇಂಗ್ಲಿಷಿನಲ್ಲಿ ಅಭಿಮಾನಿಗಳು ಬರೆಯೋ ಕಥೆಗಳಿಗೆ 'ಆರ್ಕೈವ್ ಆಫ್ ಅವರ್ ಓನ್' ಅಂತ ಒಂದು ದೊಡ್ಡ ಭಂಡಾರ ಇದೆ. ನಡೆಸೋರು ಸ್ವಯಂಸೇವಕರು, ಜಾಹೀರಾತು ಇಲ್ಲ, 2019ರಲ್ಲಿ ಅದಕ್ಕೆ ಹ್ಯೂಗೊ ಪ್ರಶಸ್ತಿಯೂ ಬಂತು. ಅಲ್ಲಿ ಸ್ಟಾರ್ ಇಲ್ಲ. ಇಷ್ಟವಾದರೆ 'ಕುಡೋಸ್' ಅಂತ ಒಂದು ಗುಂಡಿ, ಒಂದು ಕಥೆಗೆ ಒಬ್ಬರು ಒತ್ತೋದು ಒಂದೇ ಸಲ. ಇಷ್ಟವಾಗದಿದ್ದರೆ ಸುಮ್ಮನೆ ಹೋಗಬೇಕು ಅಥವಾ ಏನಾಯ್ತು ಅಂತ ಬರೆಯಬೇಕು. ಬಿಡುವಿನಲ್ಲಿ ದುಡ್ಡಿಲ್ಲದೆ ಬರೆಯೋರ ಜಾಗಕ್ಕೆ ಇದು ಸಭ್ಯವಾದ ಪದ್ಧತಿ. ಆದರೆ ಅಲ್ಲೂ ಎಣಿಕೆ ಇದೆ, ಎಣಿಕೆ ಇದ್ದಲ್ಲಿ ಹಳಬರೇ ಮುಂದೆ.

ನನಗೆ ಹಿಡಿಸಿದ್ದು ಇನ್ನೊಂದು, 1995ರಿಂದ ಪ್ರತಿವರ್ಷ ನಡೀತಿರೋ ಇಂಟರ್‌ಆ್ಯಕ್ಟಿವ್ ಫಿಕ್ಷನ್ ಸ್ಪರ್ಧೆ. ಓದುಗರೇ ಮುಂದೇನು ಮಾಡಬೇಕು ಅಂತ ಆರಿಸಿಕೊಂಡು ಹೋಗೋ ಕಥೆಗಳು, ಹೆಚ್ಚಿನವು ಹವ್ಯಾಸಿಗಳು ಬರೆದವು. ತೀರ್ಪು ಕೊಡೋರು ಸಾಮಾನ್ಯ ಓದುಗರೇ, ಒಂದರಿಂದ ಹತ್ತರವರೆಗೆ ಅಂಕ. ಆದರೆ ನಿಯಮ ನೋಡಿ. ಕನಿಷ್ಠ ಐದು ಕಥೆಗೆ ಅಂಕ ಕೊಡದಿದ್ದರೆ ನಿಮ್ಮ ಓಟು ಲೆಕ್ಕಕ್ಕೇ ಇಲ್ಲ. ಗೆಳೆಯನ ಒಂದು ಕಥೆಗೆ ಹತ್ತು ಕೊಟ್ಟು ಓಡಿಹೋಗೋದು ನಡೆಯಲ್ಲ. ಮೊದಲ ಎರಡು ಗಂಟೆಯ ಅನುಭವದ ಮೇಲೇ ಅಂಕ ಕೊಡಬೇಕು, ಹಾಗಾಗಿ ಉದ್ದ ಎಳೆದವರಿಗೆ ಲಾಭ ಇಲ್ಲ. ಪಟ್ಟಿಯನ್ನು ಒಬ್ಬೊಬ್ಬರಿಗೆ ಒಂದೊಂದು ರೀತಿ ಕಲಸಿ ಕೊಡ್ತಾರೆ, ಮೇಲಿದ್ದದ್ದನ್ನೇ ಎಲ್ಲರೂ ಓದೋ ರೋಗಕ್ಕೆ ಮದ್ದು ಅದು.

ಅದೆಲ್ಲಕ್ಕಿಂತ ಖುಷಿ ಕೊಟ್ಟಿದ್ದು ಅವರ ಒಂದು ಅನಧಿಕೃತ ಬಹುಮಾನ, 'ಗೋಲ್ಡನ್ ಬನಾನಾ ಆಫ್ ಡಿಸ್ಕಾರ್ಡ್'. ಕನ್ನಡದಲ್ಲಿ ಜಗಳದ ಚಿನ್ನದ ಬಾಳೆಹಣ್ಣು ಅನ್ನಬಹುದೇನೋ. ಅಂಕಗಳ ಸ್ಟ್ಯಾಂಡರ್ಡ್ ಡೀವಿಯೇಷನ್ ಅತಿ ಹೆಚ್ಚಿರೋ ಕಥೆಗೆ ಇದು. ಅಂದರೆ ಕೆಲವರು ಹತ್ತು ಕೊಟ್ಟು ಕೆಲವರು ಒಂದು ಕೊಟ್ಟ ಕಥೆಗೆ. ಎಂ-4 ಪೇಪರ್ ಪಾಸಾಗೋಕೆ ಬಾಯಿಪಾಠ ಮಾಡಿದ್ದ ಈ ಸ್ಟ್ಯಾಂಡರ್ಡ್ ಡೀವಿಯೇಷನ್ ಇಷ್ಟು ಮನುಷ್ಯತ್ವದ ಕೆಲಸಕ್ಕೆ ಬರುತ್ತೆ ಅಂತ ನಮ್ಮ ಲೆಕ್ಚರರ್ ಹೇಳಿರಲಿಲ್ಲ. ಯೋಚನೆ ಮಾಡಿ: ಎಲ್ಲರೂ ಮೂರು ಕೊಟ್ಟ ಕಥೆಗೂ ಸರಾಸರಿ 3, ಅರ್ಧ ಜನ ಐದು, ಅರ್ಧ ಜನ ಒಂದು ಕೊಟ್ಟ ಕಥೆಗೂ 3. ಮೊದಲನೆಯದನ್ನು ನಾನು ಓದಲ್ಲ. ಎರಡನೆಯದನ್ನು ಇವತ್ತೇ ರಾತ್ರಿ ಓದ್ತೀನಿ.

ಇಷ್ಟೆಲ್ಲ ಹೇಳಿದ ಮೇಲೆ ಓದುಗನ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಾನು ಮೊದಲು ಓದುಗ. ನನಗೆ ಇರೋದು ಮೆಟ್ರೊದ ನಲವತ್ತು ನಿಮಿಷ. ಆ್ಯಪ್‌ನಲ್ಲಿರೋ ಕಥೆಗಳಿಗೆ ಲೆಕ್ಕವಿಲ್ಲ. ಯಾವುದನ್ನು ಓದಲಿ ಅಂತ ಯಾರಾದರೂ ಹೇಳಬೇಕು. ಹೊಸಬರಿಗೆ ಕಡಿಮೆ ಕೊಡಲೇಬೇಡಿ, ಮನಸ್ಸಿಗೆ ನೋವಾಗುತ್ತೆ ಅನ್ನೋ ವಾದ ನನಗೆ ಒಪ್ಪಿಗೆ ಇಲ್ಲ. ಎಲ್ಲದಕ್ಕೂ ಐದು ಅಂದರೆ ಯಾವುದಕ್ಕೂ ಬೆಲೆ ಇಲ್ಲ, ಕಷ್ಟಪಟ್ಟು ಕೊನೆ ತಿದ್ದಿದವರಿಗೂ ತಿದ್ದದವರಿಗೂ ಒಂದೇ ಕೂಲಿ. ಹಿಂದೆ ವಾರಪತ್ರಿಕೆಗೆ ಕಥೆ ಕಳಿಸಿದವರೇನು ನೋಯಲಿಲ್ಲವಾ? ಸ್ವವಿಳಾಸದ ಲಕೋಟೆಯಲ್ಲಿ ಕಥೆ ವಾಪಸ್ ಬರ್ತಿತ್ತು, ಜೊತೆಗೆ ಅಚ್ಚು ಹಾಕಿದ ವಿಷಾದದ ಚೀಟಿ. ಆದರೆ ಅಲ್ಲಿ ತಿರಸ್ಕಾರ ಗೊತ್ತಾಗ್ತಿದ್ದುದು ಕಥೆ ಬರೆದವರಿಗೆ ಮತ್ತು ಪೋಸ್ಟ್‌ಮ್ಯಾನ್‌ಗೆ ಮಾತ್ರ. ಪುಣ್ಯ ಇದ್ದರೆ ಚೀಟಿಯ ಕೆಳಗೆ ಸಂಪಾದಕರ ಕೈಬರಹದಲ್ಲಿ ಒಂದೂವರೆ ಸಾಲು ಇರ್ತಿತ್ತು. ಕಥಾಸ್ಪರ್ಧೆಗಳಲ್ಲಿ ಕಥೆಗಾರರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಿ ಅಂತಿದ್ದುದು ಇದೇ ದಾಕ್ಷಿಣ್ಯಕ್ಕೆ ಹೆದರಿ. ಆ ಕಾಲ ಚೆನ್ನಾಗಿತ್ತು ಅಂತ ಹೇಳ್ತಿಲ್ಲ, ನಮ್ಮ ಅತ್ತಿಗೆಯಂಥವರ ಕಥೆ ಆ ಲಕೋಟೆ ದಾಟಿ ಆಚೆ ಬರುತ್ತಲೇ ಇರಲಿಲ್ಲವೇನೋ. ಪಿಯುಸಿ ಉತ್ತರಪತ್ರಿಕೆಗೂ ದುಡ್ಡು ಕಟ್ಟಿದರೆ ಪ್ರತಿ ಸಿಗುತ್ತೆ, ಮರು ಮೌಲ್ಯಮಾಪನ ಇದೆ. ಈ ಸ್ಟಾರ್‌ಗೆ ಅದೂ ಇಲ್ಲ. ಯಾರು, ಯಾಕೆ, ಎಲ್ಲಿಯವರೆಗೆ ಓದಿ ಕೊಟ್ಟರು, ಏನೂ ಗೊತ್ತಾಗಲ್ಲ.

ಆ ಆ್ಯಪ್ ನನ್ನ ಕೈಯಲ್ಲಿದ್ದಿದ್ದರೆ ಇಪ್ಪತ್ತು ಓಟು ಬೀಳೋವರೆಗೆ ಸಂಖ್ಯೆಯನ್ನೇ ತೋರಿಸ್ತಿರಲಿಲ್ಲ. 'ಹೊಸ ಕಥೆ, ಏಳು ಜನ ಓದಿ ಅಭಿಪ್ರಾಯ ಕೊಟ್ಟಿದ್ದಾರೆ' ಅಂದರೆ ಸಾಕಲ್ಲ. ಕೊನೇ ಪುಟ ಮುಟ್ಟದವರಿಗೆ ಸ್ಟಾರ್ ಗುಂಡಿಯೇ ಕಾಣಿಸಬಾರದು. ಅರ್ಧಕ್ಕೆ ಬಿಟ್ಟವರನ್ನು ಬೇರೆಯಾಗಿ ಎಣಿಸಿ ಕಥೆಗಾರರಿಗೆ ಮಾತ್ರ ಹೇಳಬಹುದು, ಯಾವ ಪುಟದಲ್ಲಿ ಬಿಟ್ಟರು ಅಂತ. ಅದು ಬರೆಯೋರಿಗೆ ನೂರು ಸ್ಟಾರ್‌ಗಿಂತ ದೊಡ್ಡ ಮಾಹಿತಿ. ಧಾರಾವಾಹಿಗೂ ಬಿಡಿ ಕಥೆಗೂ ಬೇರೆಬೇರೆ ಪಟ್ಟಿ. ಕಡಿಮೆ ಕೊಟ್ಟವರನ್ನು ಒಂದು ಸಾಲು ಕಾರಣ ಕೇಳೋದು, ಐದು ಕೊಟ್ಟವರನ್ನೂ ಕೇಳೋದು. ಮುಯ್ಯಿ ಹಾಕೋರು 'ಸೂಪರ್' ಅಂತ ಬರೆದು ಪಾರಾಗ್ತಾರೆ, ನಂಗೊತ್ತು. ಆದರೂ ಕೇಳಬೇಕು.

ಅತ್ತಿಗೆಯ ವಿಷಯಕ್ಕೆ ಬರ್ತೀನಿ. ಆ ಫೋನ್ ಬಂದ ಹತ್ತು ದಿನಕ್ಕೆ ಕಥೆ ಹುಡುಕಿದರೆ ಸಿಗಲಿಲ್ಲ. ಅಣ್ಣನನ್ನು ಕೇಳಿದೆ. "ತೆಗೆದುಬಿಟ್ಟಿದ್ದಾಳೆ. ರಾತ್ರಿ ಕೆಲಸ ಮುಗಿಸಿ ಹತ್ತು ಗಂಟೆ ಮೇಲೆ ಫೋನ್ ಹಿಡ್ಕೊಂಡು ಬರೀತಾ ಕೂರೋಳು, ಈಗ ಸೀರಿಯಲ್ ನೋಡ್ತಾಳೆ" ಅಂದ. ಅವನಿಗದು ಸಣ್ಣ ಸುದ್ದಿ. ನನಗೆ ಅವತ್ತು ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಏನು ಹೇಳಿದೆ ಅಂತಲೂ ನೆನಪಿಲ್ಲ.

ಈ ಅಂಕಣ ಕಳಿಸೋ ಮೊದಲು, ಮೊನ್ನೆ ಶನಿವಾರ, ಅತ್ತಿಗೆಗೆ ಫೋನ್ ಮಾಡಿ ಹೇಳಿದೆ. ಆ ಮೂರು ಕೊಟ್ಟಿದ್ದು ನಾನು ಅಂತ. ಆ ಕಡೆ ಕುಕ್ಕರ್ ಒಂದು ಸೀಟಿ ಹೊಡೆಯಿತು, ಇನ್ನೊಂದು ಹೊಡೆಯಿತು. ಮಾತಿಲ್ಲ.

ಆಮೇಲೆ ಕೇಳಿದರು, "ಮ್ಯಾನೇಜರ್ ವಿಷಯ ತಾನೇ?"

ಹೌದು ಅಂದೆ.

"ನಂಗೂ ಅನ್ಸಿತ್ತು. ಬರೆಯುವಾಗಲೇ ಅನ್ಸಿತ್ತು. ಮುಗಿಸೋದು ಹೇಗೆ ಅಂತ ಗೊತ್ತಾಗದೆ ಅವನನ್ನು ಕರ್ಕೊಂಡು ಬಂದೆ." ಸ್ವಲ್ಪ ಹೊತ್ತು ಬಿಟ್ಟು, "ಅಲ್ಲ, ಒಂದು ಫೋನ್ ಮಾಡಿ ಹೇಳೋಕೆ ಏನು ದಾಡಿಯಾಗಿತ್ತು ನಿಂಗೆ? ಸ್ಟಾರ್ ಕೊಡ್ತಾನಂತೆ ಸ್ಟಾರು" ಅಂತ ಚೆನ್ನಾಗಿ ಬೈದರು. ಬೈಸಿಕೊಂಡೆ. ಅದಾದ ಮೇಲೆ ನಲವತ್ತು ನಿಮಿಷ ಆ ಅಜ್ಜಿಯ ಬಗ್ಗೆಯೇ ಮಾತಾಡಿದೆವು. ಬ್ಯಾಂಕ್‌ನವರು ಹೇಳೋದೂ ತಪ್ಪಲ್ಲವಲ್ಲ, ಅಜ್ಜಿಯ ಹಟ ಅಹಂಕಾರವಾ, ಮೊಮ್ಮಗಳು ಆ ದಿನ ಯಾಕೆ ಜೊತೆಗೆ ಬರಲಿಲ್ಲ. ಕೊನೆ ಪ್ರಶ್ನೆಗೆ ಅತ್ತಿಗೆ ಹತ್ತಿರ ಉತ್ತರ ಇರಲಿಲ್ಲ, ಬರ್ಕೊಂಡರು.

ನಿನ್ನೆ ಮೆಸೇಜ್ ಬಂತು. ಮ್ಯಾನೇಜರ್‌ನನ್ನು ತೆಗೆದಿದ್ದಾರಂತೆ. ಅಜ್ಜಿ ಬ್ಯಾಂಕಿನ ಹೊರಗೆ ಬೆಂಚಿನ ಮೇಲೆ ಕೂತು, ವಾಪಸ್ ಬಂದ ಸ್ಲಿಪ್‌ನ ಹಿಂಬದಿಯಲ್ಲಿ ಸಹಿ ಮೇಲೆ ಸಹಿ ಹಾಕ್ತಾ ಇರೋವಲ್ಲಿಗೆ ಕಥೆ ನಿಂತಿದೆಯಂತೆ. ಮುಂದಿನ ವಾರ ಮತ್ತೆ ಹಾಕ್ತಾರೆ, ಸೊನ್ನೆಯಿಂದ. ನನಗೆ ಮಾತ್ರ ಲಿಂಕ್ ಕಳಿಸಲ್ಲವಂತೆ.